ಉಸಿರನ್ನು ಬಾಯಲ್ಲಿ ಹೊತ್ತು ತರುವ ಮೀನು

"ಈ ಸಲ ಕವನ ಬೇಡ ಮಾರಾಯ್ರೇ, ಏನಾದರೂ ತಿಳಿದುಕೊಳ್ಳುವಂಥದ್ದು ಬರೆದುಕೊಡಿ" ಎಂದು ನಮ್ಮ ಸಂಪಾದಕರು ಇ-ಮೇಲ್ ಕಳಿಸಿದಾಗ ಸ್ವಲ್ಪ ಬೇಸರವಾದದ್ದು ನಿಜ. ಆದರೆ ಅದೇ ವಾರ ಒಂಬತ್ತು ವರ್ಷದ ಹುಡುಗನೊಬ್ಬ ನನಗೊಂದು ಪ್ರಶ್ನೆ ಕೇಳಿ ಬಾಯಿ ಮುಚ್ಚಿಸಿದ್ದ. ಅದಕ್ಕೆ ಉತ್ತರ ಹುಡುಕುತ್ತ ಓದಿದ್ದನ್ನೇ ನಿಮ್ಮ ಮುಂದಿಡುತ್ತಿದ್ದೇನೆ. ಕವನದಷ್ಟು ಚಿಕ್ಕದಲ್ಲ, ಕ್ಷಮೆಯಿರಲಿ.

ನಡೆದದ್ದು ಇಷ್ಟು. ಬಳಗದ ನಾಲ್ಕೈದು ಸಂಸಾರಗಳು ಸೇರಿ ಒಂದು ಭಾನುವಾರ ಸುಂಗೈ ಬುಲೋಗೆ ಹೋಗಿದ್ದೆವು. ಸಿಂಗಪುರದ ವಾಯವ್ಯ ಮೂಲೆ ಅದು. ಎದುರಿಗೆ ಜೊಹೋರ್ ಜಲಸಂಧಿ, ಅದರಾಚೆ ಮಲೇಷ್ಯಾ. ಮಲಯ ಭಾಷೆಯಲ್ಲಿ ಸುಂಗೈ ಎಂದರೆ ಹೊಳೆ, ಬುಲೋ ಎಂದರೆ ಬಿದಿರು. ನಮ್ಮಲ್ಲಾಗಿದ್ದರೆ ಬಿದಿರುಹೊಳೆ ಅನ್ನುತ್ತಿದ್ದೆವೋ ಏನೋ. ಬುತ್ತಿ ಬಿಚ್ಚುವ ಮೊದಲು ಮಕ್ಕಳನ್ನು ಮರದ ಹಲಗೆಯ ಸೇತುವೆಯ ಮೇಲೆ ನಿಲ್ಲಿಸಿ ಕೆಳಗಿನ ಕೆಸರು ತೋರಿಸಿದೆ. ಇಳಿತದ ಹೊತ್ತು. ಕಾಂಡ್ಲಾ ಮರಗಳ ಬೇರಿನ ನಡುವೆ, ಒಂದು ಸಣ್ಣ ಹೊಂಡದ ಅಂಚಿನಲ್ಲಿ, ಗೇಣುದ್ದದ ಕಂದು ಮೀನೊಂದು ಎದೆಯ ಎರಡು ರೆಕ್ಕೆ ಊರಿಕೊಂಡು ಕೂತಿತ್ತು. ಕಪ್ಪೆಯ ಕಣ್ಣಿನಂಥ ಎರಡು ಕಣ್ಣು ತಲೆಯ ಮೇಲೆಯೇ ಉಬ್ಬಿಕೊಂಡಿದ್ದವು.

ಮಡ್‌ಸ್ಕಿಪ್ಪರ್. ಇಲ್ಲಿ ಎಲ್ಲರೂ ಅದನ್ನು ಕರೆಯುವುದು ಹಾಗೆಯೇ. ನಾನು ದೊಡ್ಡ ಪಂಡಿತನ ಹಾಗೆ, "ನೋಡಿ ಮಕ್ಕಳೇ, ಇದು ಸಮುದ್ರ ಬಿಟ್ಟು ನೆಲಕ್ಕೆ ಬಂದ ಮೀನು. ಇದಕ್ಕೆ ನೀರು ಬೇಕಾಗಿಲ್ಲ, ಗಾಳಿಯಲ್ಲೇ ಉಸಿರಾಡುತ್ತದೆ" ಎಂದೆ. ಅಷ್ಟರಲ್ಲಿ ಭರತದ ನೀರು ಏರತೊಡಗಿತು. ಮೀನು ಹೊಂಡಕ್ಕೆ ಜಾರಿ ಬಿಲದೊಳಗೆ ಮಾಯವಾಯಿತು. ಬಿಲದ ಬಾಯಿಯ ಮೇಲೆ ನೀರು ಮುಚ್ಚಿಕೊಂಡಿತು. ಆಗ ಆ ಹುಡುಗ ಕೇಳಿದ: "ಅಂಕಲ್, ಅದು ಗಾಳಿಯಲ್ಲಿ ಉಸಿರಾಡೋ ಮೀನಲ್ವಾ? ಈಗ ಕೆಸರಿನ ಒಳಗೆ ಹೇಗೆ ಉಸಿರಾಡುತ್ತೆ?"

ನನ್ನಲ್ಲಿ ಉತ್ತರವಿರಲಿಲ್ಲ. "ಬಾ, ಪುಳಿಯೋಗರೆ ತಣ್ಣಗಾಗುತ್ತೆ" ಎಂದು ಕರೆದುಕೊಂಡು ಹೋದೆ.

ಅತ್ತಲೂ ಇತ್ತಲೂ

ಮೊದಲು ಈ ಮೀನಿನ ಪರಿಚಯ ಮಾಡಿಕೊಳ್ಳೋಣ. ಮಡ್‌ಸ್ಕಿಪ್ಪರ್ ಎನ್ನುವುದು ಒಂದೇ ಮೀನಲ್ಲ, ಒಂದು ಗುಂಪು. ಆಫ್ರಿಕಾದ ಪಶ್ಚಿಮ ತೀರದಿಂದ ಹಿಡಿದು ಕೊಲ್ಲಿ ದೇಶಗಳು, ಭಾರತ, ಮಲೇಷ್ಯಾ, ಜಪಾನ್, ಆಸ್ಟ್ರೇಲಿಯಾದವರೆಗೆ, ಕೆಸರು ಮತ್ತು ಭರತ ಇಳಿತ ಎರಡೂ ಇರುವ ಬೆಚ್ಚನೆಯ ತೀರಗಳಲ್ಲಿ ಇವುಗಳ ಹಲವು ಜಾತಿಗಳಿವೆ. ಸುಂಗೈ ಬುಲೋದಲ್ಲಿ ನಾವು ಕಂಡದ್ದು ಅವುಗಳಲ್ಲೇ ದೊಡ್ಡದು. ವಿಜ್ಞಾನಿಗಳು ಅದಕ್ಕಿಟ್ಟ ಹೆಸರು ಪೆರಿಯೊಫ್ತಾಲ್ಮೊಡಾನ್ ಶ್ಲೋಸೆರಿ. ಸುಮಾರು 27 ಸೆಂಟಿಮೀಟರ್ ತನಕ ಬೆಳೆಯುತ್ತದೆ. ಕಣ್ಣಿನಿಂದ ಬಾಲದವರೆಗೆ ಕಪ್ಪು ಪಟ್ಟಿ ಎಳೆದಿರುವುದರಿಂದ ಗುರುತು ಹಿಡಿಯುವುದು ಸುಲಭ. ಹೆಸರಿನ ಮೊದಲ ಭಾಗ ಗ್ರೀಕ್ ಭಾಷೆಯದು. ಸುತ್ತಲೂ ನೋಡುವ ಕಣ್ಣು ಎನ್ನುವುದು ಅದರಲ್ಲಡಗಿದ ಅರ್ಥ. ಇಟ್ಟವರು ಮೀನನ್ನು ಸರಿಯಾಗಿಯೇ ನೋಡಿದ್ದರು ಅನ್ನಬೇಕು.

ಈ ಮೀನು ಮೂರು ಕಡೆಯಿಂದ ಉಸಿರಾಡುತ್ತದೆ. ಎಲ್ಲ ಮೀನಿನಂತೆ ಕಿವಿರು ಇದೆ. ಅದರ ಜೊತೆಗೆ ಬಾಯಿ ಮತ್ತು ಗಂಟಲಿನ ಒಳಪೊರೆಯಲ್ಲಿ ರಕ್ತನಾಳಗಳು ದಟ್ಟವಾಗಿವೆ. ಚರ್ಮವೂ ಒದ್ದೆಯಾಗಿರುವ ತನಕ ಗಾಳಿಯಿಂದ ಆಮ್ಲಜನಕ ಹೀರುತ್ತದೆ. ಆದ್ದರಿಂದಲೇ ಅದು ಆಗಾಗ ಹೊಂಡದಲ್ಲಿ ಹೊರಳಿ ಮೈ ನೆನೆಸಿಕೊಳ್ಳುವುದು. ದೊಡ್ಡ ಮಡ್‌ಸ್ಕಿಪ್ಪರಿನ ಕಿವಿರಂತೂ ಗಾಳಿಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಅದಕ್ಕೆ ನೀರಿಗಿಂತ ಗಾಳಿಯಲ್ಲಿಯೇ ಉಸಿರಾಟ ಸಲೀಸು.

ಇಷ್ಟನ್ನು ಕೇಳಿದರೆ ನಮಗೆ, ಅಂದರೆ ಊರು ಬಿಟ್ಟು ಬಂದವರಿಗೆ, ಒಂದು ಉಪಮೆ ನಾಲಿಗೆಯ ತುದಿಗೆ ಬಂದೇ ಬರುತ್ತದೆ. ಅತ್ತ ನೀರೂ ಅಲ್ಲ, ಇತ್ತ ನೆಲವೂ ಅಲ್ಲ ಇತ್ಯಾದಿ. ನಾನೂ ಒಂದು ಕವನ ಶುರುಮಾಡಿದ್ದೆ. ಆದರೆ ಓದುತ್ತ ಹೋದಂತೆ ಆ ಉಪಮೆ ಮೀನಿಗೆ ಮಾಡುವ ಅನ್ಯಾಯ ಎನ್ನಿಸಿ ಬಿಟ್ಟುಬಿಟ್ಟೆ. ಈ ಮೀನು ಎರಡರ ನಡುವೆ ಎಲ್ಲೋ ತೇಲುತ್ತಿಲ್ಲ. ಅದಕ್ಕೊಂದು ಖಚಿತವಾದ ಮನೆಯಿದೆ. ಬಾಯಿಯಿಂದಲೇ ತೋಡಿದ್ದು, ಬಾಯಿಯಿಂದಲೇ ದಿನವೂ ಕಾಪಾಡಿಕೊಳ್ಳಬೇಕಾದದ್ದು.

ಕೆಸರಿನ ಒಳಗೆ ಏನಿದೆ?

ಬಿಲದ ಕಷ್ಟ ಅರ್ಥವಾಗಬೇಕಾದರೆ ಕೆಸರನ್ನು ತಿಳಿಯಬೇಕು. ಕಾಂಡ್ಲಾ ಕಾಡಿನ ಕೆಸರಿಗೆ ಕಾಲಿಟ್ಟವರಿಗೆ ಆ ವಾಸನೆ ಗೊತ್ತು, ಕೊಳೆತ ಮೊಟ್ಟೆಯ ವಾಸನೆ. ಮೇಲಿನ ತೆಳ್ಳನೆಯ ಪದರ ಮಾತ್ರ ಕಂದು. ಬೆರಳಿನಿಂದ ಸ್ವಲ್ಪ ಕೆದಕಿದರೆ ಕಪ್ಪು. ಬಿದ್ದ ಎಲೆ, ಸತ್ತ ಏಡಿ ಎಲ್ಲವೂ ಅಲ್ಲಿ ಕೊಳೆಯುತ್ತಿರುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳು ಮೊದಲು ಇದ್ದಬದ್ದ ಆಮ್ಲಜನಕವನ್ನೆಲ್ಲ ತಿಂದು ಮುಗಿಸುತ್ತವೆ. ಆಮೇಲೆ ಆಮ್ಲಜನಕ ಬೇಡದ ಬೇರೆ ಸೂಕ್ಷ್ಮಜೀವಿಗಳು ಕೆಲಸಕ್ಕಿಳಿದು ಗಂಧಕದ ಅನಿಲವನ್ನು ಬಿಡುತ್ತವೆ. ಆ ಕಪ್ಪು ಬಣ್ಣವೂ ಆ ವಾಸನೆಯೂ ಅದರದೇ.

ಅಂದರೆ ಈ ಮೀನು ಮನೆ ಕಟ್ಟುತ್ತಿರುವುದು ಉಸಿರೇ ಇಲ್ಲದ ಜಾಗದಲ್ಲಿ. ಬಿಲದೊಳಗೆ ತುಂಬಿರುವ ನೀರಿನಲ್ಲಿಯೂ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಬಿಲ ಬೇಕೇಬೇಕು. ಭರತದ ನೀರಿನೊಂದಿಗೆ ದೊಡ್ಡ ಮೀನುಗಳು ಬೇಟೆಗೆ ಬರುತ್ತವೆ. ಇಳಿತದಲ್ಲಿ ಬಕ, ಮಿಂಚುಳ್ಳಿ, ಹಾವು ಬರುತ್ತವೆ. ಮಧ್ಯಾಹ್ನದ ಬಿಸಿಲು ಮೈ ಒಣಗಿಸುತ್ತದೆ. ಮೊಟ್ಟೆ ಇಡಲು ಮೆತ್ತನೆಯ ಕೆಸರಿನ ಮೇಲೆ ಕಲ್ಲಿಲ್ಲ, ಸಂದಿಯಿಲ್ಲ. ಆದ್ದರಿಂದ ಕೆಳಗೆ ಇಳಿಯುವುದೊಂದೇ ದಾರಿ.

ತೋಡುವ ರೀತಿ ಸರಳ. ಬಾಯಿ ತುಂಬ ಕೆಸರು ಕಚ್ಚಿ ಮೇಲೆ ಬಂದು ಉಗಿಯುವುದು, ಮತ್ತೆ ಇಳಿಯುವುದು. ಸಲಿಕೆಯೂ ಬಾಯಿ, ಬುಟ್ಟಿಯೂ ಬಾಯಿ. ಸುಂಗೈ ಬುಲೋದಲ್ಲಿ ದೊಡ್ಡ ಮಡ್‌ಸ್ಕಿಪ್ಪರಿನ ಹೊಂಡದ ಸುತ್ತ ಕಾಣುವ ಚಿಕ್ಕ ಚಿಕ್ಕ ಕೆಸರುಂಡೆಗಳು ಹೀಗೆ ಉಗಿದವು. ಬಿಲದ ಒಳವಿನ್ಯಾಸ ತಿಳಿಯಲು ಸಂಶೋಧಕರು ಒಂದು ಉಪಾಯ ಮಾಡಿದರು. ಬಿಲಕ್ಕೆ ಅಂಟಿನಂಥ ರಾಳವನ್ನು ಸುರಿದು, ಅದು ಗಟ್ಟಿಯಾದ ಮೇಲೆ ಸುತ್ತಲಿನ ಕೆಸರು ಅಗೆದು ಅಚ್ಚನ್ನು ಹೊರತೆಗೆದರು. ದೊಡ್ಡ ಮೀನಿನ ಬಿಲ ಒಂದು ಮೀಟರ್ ಆಳಕ್ಕೂ ಇಳಿಯಬಲ್ಲದು. ಅಚ್ಚಿನಲ್ಲಿ ಒಂದು ವಿಶೇಷವಿತ್ತು. ಕೊಳವೆ ನೆಟ್ಟಗೆ ಕೆಳಗಿಳಿದು ಮುಗಿಯುವುದಿಲ್ಲ. ಕೆಲವು ಕಡೆ ಉಬ್ಬಿ, ಮೇಲ್ಮುಖವಾಗಿ ಕೋಣೆಯಂತೆ ನಿಲ್ಲುತ್ತದೆ. ಯಾಕೆ?

ಬೋರಲು ಲೋಟದ ಗುಟ್ಟು

ಉತ್ತರ ಬಂದದ್ದು 1998ರಲ್ಲಿ, ನಮ್ಮ ನೆರೆಯ ಮಲೇಷ್ಯಾದ ಪೆನಾಂಗಿನ ಕೆಸರಿನಿಂದ. ಜಪಾನಿನ ನಾಗಾಸಾಕಿ ವಿಶ್ವವಿದ್ಯಾಲಯದ ಅತ್ಸುಶಿ ಇಶಿಮಾತ್ಸು ಮತ್ತು ಅವರ ಜೊತೆಗಾರರು 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಪ್ರಕಟಿಸಿದರು. ಹೇಳಿದ ವಿಷಯ ಇಷ್ಟೇ: ಈ ಮೀನುಗಳು ಬಿಲದಲ್ಲಿ ಗಾಳಿ ಕೂಡಿಡುತ್ತವೆ.

ಹೇಗೆಂದು ನೋಡಬೇಕಾದರೆ ಅಡುಗೆಮನೆಗೆ ಹೋದರೆ ಸಾಕು. ಬಕೆಟ್ ತುಂಬ ನೀರಿಟ್ಟು ಒಂದು ಲೋಟವನ್ನು ಬೋರಲಾಗಿ ಅದ್ದಿ. ಲೋಟದೊಳಗಿನ ಗಾಳಿ ಅಲ್ಲೇ ನಿಲ್ಲುತ್ತದೆ, ನೀರು ಒಳನುಗ್ಗುವುದಿಲ್ಲ. ಬಿಲದೊಳಗೆ ಮೇಲ್ಮುಖವಾಗಿರುವ ಆ ಕೋಣೆಯೇ ಬೋರಲು ಲೋಟ. ಇಳಿತದ ಹೊತ್ತಿನಲ್ಲಿ ಮೀನು ಮೇಲೆ ಬಂದು ಬಾಯಿ ತುಂಬ ಗಾಳಿ ತುಂಬಿಕೊಳ್ಳುತ್ತದೆ, ಗಲ್ಲ ಉಬ್ಬಿಸಿಕೊಂಡು ಕೆಳಗಿಳಿಯುತ್ತದೆ, ಕೋಣೆಯ ಚಾವಣಿಯಡಿ ಬಿಡುತ್ತದೆ. ಒಂದು ಗುಳ್ಳೆ. ಮತ್ತೆ ಮೇಲೆ, ಮತ್ತೆ ಒಂದು ಗುಳ್ಳೆ. ಬೇಸಿಗೆಯಲ್ಲಿ ದೂರದ ಬಾವಿಯಿಂದ ಕೊಡ ಕೊಡವಾಗಿ ನೀರು ಹೊತ್ತು ಮನೆಯ ಹಂಡೆ ತುಂಬಿಸುತ್ತಿದ್ದ ನಮ್ಮ ಹಿರಿಯರ ಹಾಗೆ. ವ್ಯತ್ಯಾಸವೆಂದರೆ, ನೀರಿನಲ್ಲಿರುವ ಈ ಜೀವ ಹೊತ್ತು ತರುವುದು ಗಾಳಿಯನ್ನು.

ಹುಡುಗನ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಭರತದ ಹೊತ್ತಿನಲ್ಲಿ ಬಿಲದ ಬಾಯಿ ಮುಚ್ಚಿದ ಮೇಲೆ ಮೀನಿಗೆ ಒದಗುವುದು ತಾನೇ ತಂದಿಟ್ಟ ಗಾಳಿ.

ಉಸಿರಾಟಕ್ಕೆ ದಾರಿಯಾಯಿತು. ಆದರೆ ಇಕ್ಕಟ್ಟಾದ ಬಿಲದ ನೀರಿನಲ್ಲಿ ಇನ್ನೊಂದು ಗಂಡಾಂತರವಿದೆ. ಮೀನಿನ ದೇಹ ಹೊರಹಾಕುವ ಕಸವೆಂದರೆ ಅಮೋನಿಯಾ. ತೆರೆದ ಸಮುದ್ರದಲ್ಲಿ ಅದು ಕಿವಿರಿನಿಂದ ನೀರಿಗೆ ತಾನಾಗಿ ಹರಿದುಹೋಗುತ್ತದೆ. ಬಿಲದಲ್ಲಿ ಅದು ಕೂಡಿಕೊಂಡು, ಸಾಮಾನ್ಯ ಮೀನಾದರೆ ಮೈಯೊಳಕ್ಕೇ ತಿರುಗಿ ನುಗ್ಗಿ ಸಾಯಿಸಿಬಿಡುತ್ತದೆ. ದೊಡ್ಡ ಮಡ್‌ಸ್ಕಿಪ್ಪರ್ ಇದನ್ನು ಎದುರಿಸುವ ಬಗೆಯನ್ನು ಬಿಡಿಸಿ ತೋರಿಸಿದವರಲ್ಲಿ ಇಲ್ಲಿನ ಸಿಂಗಪುರ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು ಮುಖ್ಯರು. ಹೊರಗೆ ಅಮೋನಿಯಾ ಹೆಚ್ಚಿದ್ದರೂ ಈ ಮೀನು ಶಕ್ತಿ ಖರ್ಚುಮಾಡಿ ಅದನ್ನು ಕಿವಿರಿನ ಮೂಲಕ ಹೊರತಳ್ಳುತ್ತದೆ. ಜೊತೆಗೆ ಆಮ್ಲವನ್ನೂ ಬಿಟ್ಟು ಸುತ್ತಲಿನ ನೀರನ್ನು ಹುಳಿಯಾಗಿಸುತ್ತದೆ. ಹುಳಿ ನೀರಿನಲ್ಲಿ ಅಮೋನಿಯಾ ರೂಪ ಬದಲಿಸಿ ಅಮೋನಿಯಂ ಆಗುತ್ತದೆ. ಅದಕ್ಕೆ ಕಿವಿರಿನ ಪೊರೆ ದಾಟಿ ವಾಪಸು ಬರುವುದು ಕಷ್ಟ. ಕಸ ಹೊರಹಾಕಿ ಬಾಗಿಲಿಗೆ ಚಿಲಕ ಹಾಕಿದಂತೆ.

ಅಪ್ಪನ ಪಾಳಿ

ಇಷ್ಟೆಲ್ಲ ಓದಿದ ಮೇಲೂ ನನಗೆ ಒಂದು ಸಂಶಯವಿತ್ತು. ಕೆಲವು ಗಂಟೆಗಳಲ್ಲಿ ಭರತ ಇಳಿದೇ ಇಳಿಯುತ್ತದೆ. ದೊಡ್ಡ ಮೀನು ಅಷ್ಟು ಹೊತ್ತನ್ನು ಹೇಗಾದರೂ ಕಳೆದೀತು. ಹಾಗಿರುವಾಗ ಈ ಪಾಟಿ ಗಾಳಿ ಹೊರುವುದು ಯಾರಿಗಾಗಿ?

ಇದಕ್ಕೆ ತುಂಬ ಸ್ಪಷ್ಟವಾದ ಉತ್ತರ 2007ರಲ್ಲಿ ಜಪಾನಿನಿಂದ ಬಂತು. ಅಲ್ಲಿನ ಕ್ಯೂಶೂ ದ್ವೀಪದ ಕೆಸರುತೀರದಲ್ಲಿ ಪೆರಿಯೊಫ್ತಾಲ್ಮಸ್ ಮೊಡೆಸ್ಟಸ್ ಎಂಬ ಚಿಕ್ಕ ಮಡ್‌ಸ್ಕಿಪ್ಪರ್ ಇದೆ, ಹೆಚ್ಚೆಂದರೆ ಬೆರಳಿನಷ್ಟುದ್ದ. ಇಶಿಮಾತ್ಸು ಅವರ ತಂಡ ಅದರ ಬಿಲದೊಳಗೆ ಎಂಡೋಸ್ಕೋಪ್ ಇಳಿಸಿ ನೋಡಿತು. ಹೌದು, ಡಾಕ್ಟರುಗಳು ನಮ್ಮ ಹೊಟ್ಟೆಯೊಳಗೆ ಇಳಿಸುವಂಥದ್ದೇ ನಳಿಕೆ.

ಬಿಲದ ತುದಿ ಮೇಲಕ್ಕೆ ಬಾಗಿ ಒಂದು ಕೋಣೆಯಾಗಿತ್ತು. ಅದರ ಒಳಗೋಡೆಗೆ ಮೊಟ್ಟೆಗಳು ಅಂಟಿಕೊಂಡಿದ್ದವು, ನೀರಿನಲ್ಲಲ್ಲ, ಗಾಳಿಯಲ್ಲಿ. ಮೀನಿನ ಮೊಟ್ಟೆ, ಕೆಸರಿನ ಆಳದಲ್ಲಿ, ಗಾಳಿಯ ಕೋಣೆಯಲ್ಲಿ! ಬಿಲದ ನೀರಿನಲ್ಲಿ ಆಮ್ಲಜನಕ ಇಲ್ಲವೆಂದ ಮೇಲೆ ಮೊಟ್ಟೆ ನೀರಿನಲ್ಲಿದ್ದರೆ ಭ್ರೂಣ ಬೆಳೆಯುವಂತಿಲ್ಲ. ಭ್ರೂಣಗಳೂ ಉಸಿರಾಡುತ್ತವೆ; ಕೋಣೆಯ ಗಾಳಿಯಲ್ಲಿನ ಆಮ್ಲಜನಕವನ್ನು ಖಾಲಿಮಾಡುತ್ತ ಹೋಗುತ್ತವೆ. ಆದ್ದರಿಂದ ಗಾಳಿಯನ್ನು ಹೊಸದಾಗಿ ತರುತ್ತಲೇ ಇರಬೇಕು.

ಆ ಕೆಲಸ ಗಂಡಿನದು. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಗಂಡು ಉಳಿದು, ಪ್ರತಿ ಇಳಿತದಲ್ಲಿಯೂ ಬಾಯಿ ಬಾಯಿ ಗಾಳಿ ತಂದು ಕೋಣೆಗೆ ಬಿಡುತ್ತದೆ. ಹೀಗೆ ಸುಮಾರು ಒಂದು ವಾರ.

ಆಮೇಲೆ ನಡೆಯುವುದನ್ನು ಓದಿದಾಗ ನಾನು ಪುಟವನ್ನು ಎರಡು ಸಲ ಓದಿದೆ. ಮೊಟ್ಟೆಗಳು ಬಲಿತ ಮೇಲೆ ಒಂದು ರಾತ್ರಿ, ಭರತ ಏರುವ ಹೊತ್ತಿನಲ್ಲಿ, ಅದೇ ಗಂಡು ಕೋಣೆಗೆ ಹೋಗಿ ಬಾಯಿ ತುಂಬ ಗಾಳಿ ತೆಗೆದುಕೊಂಡು ಬಂದು ಬಿಲದ ಹೊರಗೆ ಬಿಡುತ್ತದೆ. ಮತ್ತೆ ಹೋಗುತ್ತದೆ, ಮತ್ತೆ ತರುತ್ತದೆ. ವಾರವಿಡೀ ಒಳಗೆ ಹೊತ್ತದ್ದನ್ನು ಈಗ ಹೊರಗೆ ಹೊರುತ್ತದೆ. ಗಾಳಿ ಹೋದಂತೆ ನೀರು ಏರಿ ಮೊಟ್ಟೆಗಳು ಮುಳುಗುತ್ತವೆ. ಮುಳುಗಿದಾಗಲೇ ಅವು ಒಡೆಯುವುದು. ಗಾಳಿಯಲ್ಲೇ ಇದ್ದರೆ ಬಲಿತರೂ ಒಡೆಯುವುದಿಲ್ಲ. ಮರಿಗಳು ಹೊರಬಿದ್ದು, ಏರಿದ ಭರತದಲ್ಲಿ, ಕತ್ತಲಲ್ಲಿ, ಸಮುದ್ರಕ್ಕೆ ತೇಲಿಹೋಗುತ್ತವೆ. ಕೆಲವು ವಾರ ಅಲ್ಲಿ ಬೆಳೆದು, ಬದುಕಿದವು ಮತ್ತೆ ಯಾವುದೋ ಕೆಸರಿಗೆ ಬರುತ್ತವೆ.

ಗಾಳಿ ಕೊಟ್ಟು ಬದುಕಿಸಿದ್ದು ಎಷ್ಟು ಮುಖ್ಯವೋ, ಸರಿಯಾದ ರಾತ್ರಿ ಅದನ್ನು ತೆಗೆದದ್ದೂ ಅಷ್ಟೇ ಮುಖ್ಯ. ಬೇಗ ತೆಗೆದರೆ ಮರಿ ಬಲಿತಿರುವುದಿಲ್ಲ. ಇಳಿತದಲ್ಲಿ ತೆಗೆದರೆ ಸಮುದ್ರ ಸೇರುವ ದಾರಿಯಿರುವುದಿಲ್ಲ. ಮಕ್ಕಳನ್ನು ಓದಲು ಬೇರೆ ದೇಶಕ್ಕೆ ಕಳಿಸಿದ ನಮ್ಮ ಬಳಗದ ಗೆಳೆಯರಿಗೆ ಇದನ್ನು ಹೇಳಿದೆ. ಅವರು ಏನೂ ಹೇಳದೆ ಕಾಫಿ ಲೋಟ ತಿರುಗಿಸುತ್ತ ಕೂತರು.

ಕುವೈತಿನ ಬದು, ಗಂಗೊಳ್ಳಿಯ ಗುಳ್ಳೆ

ಕೆಸರನ್ನು ಬಾಯಲ್ಲಿ ಹೊರುವ ವಿದ್ಯೆ ಬಿಲ ತೋಡುವುದಕ್ಕೆ ಮಾತ್ರ ಮುಗಿಯುವುದಿಲ್ಲ. ಇಲ್ಲಿಂದ ಕೊಲ್ಲಿಗೆ ಕೆಲಸ ಬದಲಿಸಿಕೊಂಡು ಹೋದರೂ ನಮ್ಮ ಪತ್ರಿಕೆ ಓದುವ ಮಿತ್ರರಿಗಾಗಿ ಇದನ್ನು ಹೇಳುತ್ತೇನೆ. ಕುವೈತಿನ ಕೆಸರುತೀರದಲ್ಲಿ ಬೋಲಿಯೊಫ್ತಾಲ್ಮಸ್ ಕುಲದ ಮಡ್‌ಸ್ಕಿಪ್ಪರ್ ಇದೆ. ಅದು ಸಸ್ಯಾಹಾರಿ, ಕೆಸರಿನ ಮೇಲೆ ಬೆಳೆಯುವ ಕಣ್ಣಿಗೆ ಕಾಣದ ಪಾಚಿಯನ್ನು ಕೆರೆದು ತಿನ್ನುತ್ತದೆ. ಪ್ರತಿ ಮೀನೂ ತನ್ನ ಬಿಲದ ಸುತ್ತ ಬಾಯಿಂದ ಕೆಸರು ತಂದು ಗಿಡ್ಡ ಗೋಡೆ ಕಟ್ಟುತ್ತದೆ. ಇಳಿತದಲ್ಲೂ ಒಳಗೆ ತೆಳ್ಳಗೆ ನೀರು ನಿಂತು ಪಾಚಿ ಬೆಳೆಯುತ್ತದೆ. ಪಕ್ಕದ ಮೀನಿಗೂ ಅದೇ ಗೋಡೆ. ಹೀಗೆ ಐದಾರು ಮೂಲೆಯ ಮನೆಗಳು ಜೇನುಹುಟ್ಟಿನಂತೆ ಕೂಡಿಕೊಳ್ಳುತ್ತವೆ. 1980ರ ದಶಕದಲ್ಲಿ ಸಂಶೋಧಕರು ಇದನ್ನು ಅಲ್ಲಿ ವಿವರವಾಗಿ ದಾಖಲಿಸಿದ್ದಾರೆ. ಚಿತ್ರ ನೋಡಿದರೆ ನಮ್ಮ ಗದ್ದೆಗಳ ಬದುಗಳೇ. ಬದುವಿನ ಜಗಳವೂ ಇದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇದೇ ಬೋಲಿಯೊಫ್ತಾಲ್ಮಸ್ ಕುಲದ ಮೀನು ಭಾರತದ ಪಶ್ಚಿಮ ತೀರದಲ್ಲಿಯೂ ಇದೆ. ನಮ್ಮ ಅಳಿವೆಗಳ ಕಾಂಡ್ಲಾ ಕೆಸರು ಮಡ್‌ಸ್ಕಿಪ್ಪರಿಗೆ ಹೊಸದೇನಲ್ಲ. ಇಲ್ಲಿಗೆ ಬಂದಾಗ ನನ್ನ ಸ್ವಂತ ವಿಷಯವೊಂದನ್ನು ಒಪ್ಪಿಕೊಳ್ಳಬೇಕು.

ನಾನು ಬೆಳೆದದ್ದು ಕುಂದಾಪುರದ ಕಡೆ. ರಜೆಯಲ್ಲಿ ಗಂಗೊಳ್ಳಿ ಹೊಳೆಯ ದಡದಲ್ಲಿ, ಇಳಿತದ ಹೊತ್ತಿನಲ್ಲಿ, ಕೆಸರಿನ ತೂತುಗಳಿಗೆ ಕೋಲು ಹಾಕಿ ತಿರುವುವುದು ನಮಗೊಂದು ಆಟ. ತೂತು ಕುಸಿದಾಗ ಗುಳುಗುಳು ಎಂದು ಗುಳ್ಳೆ ಏಳುತ್ತಿತ್ತು. ಯಾರ ತೂತಿನಿಂದ ಹೆಚ್ಚು ಗುಳ್ಳೆ ಎಂದು ಪಂದ್ಯ. ನಮ್ಮ ಅಮ್ಮಮ್ಮ ಒಮ್ಮೆ ಕಂಡು, "ಅದ್ರ ಮನಿ ಎಂತಕ್ಕೆ ಹಾಳ್ ಮಾಡ್ತ್ರಿ ಮಕ್ಳೆ?" ಎಂದು ಬೈದಿದ್ದರು. ಏಡಿಯ ಮನೆಯಲ್ವಾ, ಇನ್ನೊಂದು ತೋಡಿಕೊಳ್ಳುತ್ತೆ ಎಂದುಕೊಂಡಿದ್ದೆ. ಹೆಚ್ಚಿನವು ಏಡಿಯ ತೂತುಗಳೇ ಇರಬಹುದು. ಆದರೆ ಕೆಸರಿನ ಮೇಲೆ ಜಿಗಿಯುತ್ತಿದ್ದ ಆ ಉಬ್ಬುಗಣ್ಣಿನ ಮೀನುಗಳೂ ಅಲ್ಲೇ ಇದ್ದವು, ನಾವು ಹತ್ತಿರ ಹೋದಾಗ ತೂತಿನೊಳಗೆ ಮಾಯವಾಗುತ್ತಿದ್ದವು. ನಲವತ್ತು ವರ್ಷಗಳ ನಂತರ, ಬೂನ್ ಲೇ ಬಡಾವಣೆಯ ಹನ್ನೊಂದನೇ ಮಹಡಿಯಲ್ಲಿ ಕೂತು ಆ ಜಪಾನೀ ಸಂಶೋಧನೆಯನ್ನು ಓದುವಾಗ ನನಗೆ ಕೇಳಿಸಿದ್ದು ಆ ಗುಳುಗುಳು ಸದ್ದು. ಅವುಗಳಲ್ಲಿ ಕೆಲವಾದರೂ ಯಾವುದೋ ಗಂಡುಮೀನು ಬಾಯಿ ಬಾಯಿಯಾಗಿ ಹೊತ್ತು ತಂದಿಟ್ಟ ಉಸಿರಾಗಿರಬೇಕು.

'ಕರ್ವಾಲೋ' ಓದಿದವರಿಗೆ ಹಾರುವ ಓತಿ ನೆನಪಿದ್ದೇ ಇರುತ್ತದೆ. ಅದನ್ನು ಮೊದಲು ಕಂಡವನು ವಿಜ್ಞಾನಿಯಲ್ಲ, ಊರಿನವರು ದಡ್ಡನೆಂದುಕೊಂಡಿದ್ದ ಮಂದಣ್ಣ. ನಾವು ಮಂದಣ್ಣನಿಗಿಂತ ಹತ್ತಿರದಲ್ಲಿ ನಿಂತಿದ್ದೆವು, ಕೋಲನ್ನೂ ಹಿಡಿದಿದ್ದೆವು, ಆದರೆ ನೋಡಲಿಲ್ಲ.

ಮಕ್ಕಳ ಕೋಲಿಗೆ ಒಂದೆರಡು ಬಿಲ ಹೋದರೆ ಮೀನು ಮತ್ತೆ ತೋಡೀತು. ಕೆಸರೇ ಹೋದರೆ ತೋಡಲಾರದು. ಈ ಬಿಲಕ್ಕೆ ಬೇಕಾದದ್ದು ಮೂರು: ಮೆತ್ತನೆಯ ಕೆಸರು, ನಿಧಾನವಾದ ಇಳಿಜಾರು, ದಿನವೂ ಬಂದು ಹೋಗುವ ಭರತ. ತೀರಕ್ಕೆ ಕಲ್ಲಿನ ಗೋಡೆ ಕಟ್ಟಿದರೆ ಮೂರೂ ಒಟ್ಟಿಗೆ ಹೋಗುತ್ತವೆ. 1819ರಲ್ಲಿ ರಾಫೆಲ್ಸ್ ಬಂದಿಳಿದಾಗ ಸಿಂಗಪುರದ ಸುಮಾರು ಶೇಕಡ 13ರಷ್ಟು ನೆಲ ಕಾಂಡ್ಲಾ ಕಾಡಾಗಿತ್ತೆಂದು ಅಂದಾಜು. ಈಗ ಉಳಿದಿರುವುದು ಶೇಕಡ 1ರ ಆಸುಪಾಸು. ಬಂದರು, ಕಾರ್ಖಾನೆ, ಕುಡಿಯುವ ನೀರಿನ ಜಲಾಶಯ, ನಮ್ಮಂಥವರ ಮನೆಗಳು, ಎಲ್ಲಕ್ಕೂ ಜಾಗ ಬೇಕಿತ್ತು. ಸುಂಗೈ ಬುಲೋ ಕೂಡ ಸಿಗಡಿ ಸಾಕುವ ಕೊಳಗಳಿದ್ದ ಜಾಗ. 1986ರಲ್ಲಿ ಹಕ್ಕಿ ನೋಡುವ ಹವ್ಯಾಸಿಗಳು ಅದರ ಬೆಲೆ ಗುರುತಿಸಿ ಸರ್ಕಾರಕ್ಕೆ ಮನವರಿಕೆ ಮಾಡಿದರು. 1993ರಲ್ಲಿ ಉದ್ಯಾನವಾಗಿ ತೆರೆದು, 2002ರಲ್ಲಿ ಸಂರಕ್ಷಿತ ಪ್ರದೇಶವಾಯಿತು. ನಮ್ಮ ಉತ್ತರ ಕನ್ನಡದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಕೆಸರಿಗೂ ಒಂದು ಮರ್ಯಾದೆ ಬಂತಲ್ಲ ಎಂದು ಸಂತೋಷಪಡಬಹುದು.

ಮುಂದಿನ ಭಾನುವಾರ ಆ ಹುಡುಗನ ಮನೆಗೆ ಹೋಗಿದ್ದೆ. ಬಕೆಟ್ಟು, ಲೋಟ ತರಿಸಿ ಬೋರಲು ಹಾಕಿ ತೋರಿಸಿ ಎಲ್ಲವನ್ನೂ ಹೇಳಿದೆ. ನಾನು ಸೇತುವೆಯ ಮೇಲೆ ಹೇಳಿದ್ದು ತಪ್ಪು, ಅದು ನೀರು ಬೇಡವೆಂದು ಬಿಟ್ಟುಬಂದ ಮೀನಲ್ಲ, ಅದಕ್ಕೆ ಎರಡೂ ಬೇಕು ಎಂದೂ ಒಪ್ಪಿಕೊಂಡೆ. ಅವನು ಲೋಟವನ್ನು ಸ್ವಲ್ಪ ಓರೆ ಮಾಡಿದ. ಗುಳುಗುಳು ಎಂದು ಗಾಳಿ ಹೊರಟು ನೀರು ಒಳಗೆ ತುಂಬಿತು.

"ಈಗ ಮೊಟ್ಟೆ ಒಡೀತು, ಅಲ್ವಾ ಅಂಕಲ್?" ಎಂದ.

ಸುಂಗೈ ಬುಲೋಗೆ ಹೋಗುವವರು ಭರತ ಇಳಿತದ ವೇಳಾಪಟ್ಟಿ ನೋಡಿಕೊಂಡು, ಇಳಿತಕ್ಕೆ ಒಂದು ಗಂಟೆ ಮೊದಲು ತಲುಪಿ. ಸೇತುವೆಯ ಮೇಲೆ ಅಲುಗಾಡದೆ ಹತ್ತು ನಿಮಿಷ ನಿಂತರೆ ಸಾಕು. ಹೊಂಡದ ಅಂಚಿನಲ್ಲಿ ಗಲ್ಲ ಉಬ್ಬಿಸಿಕೊಂಡು ಕೆಳಗಿಳಿಯುವ ಮೀನು ಕಂಡರೆ, ಅದರ ಬಾಯಲ್ಲಿ ಏನಿರಬಹುದೆಂದು ಈಗ ನಿಮಗೆ ಗೊತ್ತು.